ಸುತ್ತುಗಳ ಅನುಪಾತ: ಫ್ಯಾರಡೆಯ ಉಂಗುರದಿಂದ ಶಿವನಸಮುದ್ರದ ತಂತಿಯವರೆಗೆ

ವಿದ್ಯುತ್ ಪರಿವರ್ತಕದ ಮೂಲ ನಿಯಮವನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸಬಹುದು. ಕಬ್ಬಿಣದ ಒಂದು ತಿರುಳಿನ ಮೇಲೆ ಎರಡು ತಂತಿಸುರುಳಿಗಳನ್ನು ಸುತ್ತಿ, ಮೊದಲನೆಯದಕ್ಕೆ ಪರ್ಯಾಯ ವಿದ್ಯುತ್ತನ್ನು ಹಾಯಿಸಿದರೆ, ಎರಡು ಸುರುಳಿಗಳ ವೋಲ್ಟೇಜುಗಳು ಅವುಗಳ ಸುತ್ತುಗಳ ಅನುಪಾತದಲ್ಲಿರುತ್ತವೆ. ನೂರು ಸುತ್ತಿಗೆ ಎದುರಾಗಿ ಹತ್ತು ಸುತ್ತು ಇದ್ದರೆ ವೋಲ್ಟೇಜು ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಹೊರಬರುವ ಪ್ರವಾಹ ಒಳಹೋದದ್ದರ ಹತ್ತು ಪಟ್ಟಾಗುತ್ತದೆ. ಪ್ರೌಢಶಾಲೆಯ ವಿದ್ಯಾರ್ಥಿಯೂ ಬಾಯಿಪಾಠ ಮಾಡಿರುವ ನಿಯಮವಿದು.

ಇಷ್ಟು ಸರಳವಾದ ನಿಯಮದ ಚರಿತ್ರೆ ಮಾತ್ರ ಸರಳವಾಗಿಲ್ಲ. ಒಂದು ಸುರುಳಿಯಿಂದ ಇನ್ನೊಂದು ಸುರುಳಿಗೆ ವಿದ್ಯುತ್ ಪರಿಣಾಮ ದಾಟುವುದನ್ನು ಮೈಕೆಲ್ ಫ್ಯಾರಡೆ ಕಂಡದ್ದು 1831ರಲ್ಲಿ. ಆ ನಿಯಮವನ್ನೇ ನಂಬಿ ಒಂದು ನಗರಕ್ಕೆ ದೀಪ ಹಚ್ಚುವ ವ್ಯವಸ್ಥೆ ಸಿದ್ಧವಾದದ್ದು 1885ರ ಸುಮಾರಿಗೆ. ನಡುವಣ ಐವತ್ತು ವರ್ಷಗಳಲ್ಲಿ ಸುರುಳಿಯೂ ಇತ್ತು, ಕಬ್ಬಿಣವೂ ಇತ್ತು, ಹೆಚ್ಚು ಸುತ್ತಿಗೆ ಹೆಚ್ಚು ತೀವ್ರತೆ ಎಂಬ ಅನುಭವವೂ ಇತ್ತು. ಹಾಗಿದ್ದರೂ ಆ ಅನುಭವ ಒಂದು ಭರವಸೆಯ ಸಂಖ್ಯೆಯಾಗಲು ಅಷ್ಟು ಕಾಲ ಹಿಡಿದದ್ದೇಕೆ? ಸುತ್ತುಗಳ ಅನುಪಾತ ತಾನೊಂದೇ ಏನನ್ನೂ ನಿರ್ಧರಿಸುವುದಿಲ್ಲ; ಸುರುಳಿಗಳನ್ನು ಯಾರೊಡನೆ ಹೇಗೆ ಜೋಡಿಸಲಾಗಿದೆ, ತಂತಿಯನ್ನು ಎಲ್ಲಿ ಏರಿಸಿ ಎಲ್ಲಿ ಇಳಿಸಲಾಗಿದೆ ಎಂಬ ಮಾನವ ನಿರ್ಧಾರಗಳೊಡನೆ ಕೂಡಿದಾಗಲೇ ಅದಕ್ಕೆ ಅರ್ಥ ಬರುತ್ತದೆ. ಯುರೋಪಿನ ಪ್ರಯೋಗಶಾಲೆಗಳಿಂದ ಕಾವೇರಿಯ ದಂಡೆಯವರೆಗಿನ ಅದರ ಪಯಣವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಮೈಯೇ ಮಾಪಕವಾಗಿದ್ದ ಕಾಲ

1831ರ ಆಗಸ್ಟ್ 29ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಫ್ಯಾರಡೆ ಮೆದುಕಬ್ಬಿಣದ ಒಂದು ಉಂಗುರವನ್ನು ಪ್ರಯೋಗಕ್ಕೆ ತೆಗೆದುಕೊಂಡನು. ಅದರ ಹೊರವ್ಯಾಸ ಆರು ಅಂಗುಲ. ಒಂದು ಅರ್ಧಕ್ಕೆ ತಲಾ ಸುಮಾರು 24 ಅಡಿಯ ಮೂರು ತಾಮ್ರದ ತಂತಿಗಳನ್ನೂ ಇನ್ನೊಂದು ಅರ್ಧಕ್ಕೆ ಒಟ್ಟು ಸುಮಾರು 60 ಅಡಿಯ ಎರಡು ತಂತಿಗಳನ್ನೂ ಸುತ್ತಿ, ನಡುನಡುವೆ ಹುರಿ ಮತ್ತು ಬಟ್ಟೆಯನ್ನಿಟ್ಟು ಪ್ರತ್ಯೇಕಿಸಿದ್ದನು. ಒಂದು ಬದಿಯನ್ನು ಬ್ಯಾಟರಿಗೆ ಜೋಡಿಸಿದ ಕ್ಷಣದಲ್ಲಿ ಮತ್ತೊಂದು ಬದಿಯ ಬಳಿಯಿದ್ದ ಕಾಂತಸೂಜಿ ಅಲುಗಾಡಿ ನಿಂತಿತು. ಬಿಡಿಸಿದ ಕ್ಷಣದಲ್ಲಿ ಮತ್ತೆ ಅಲುಗಾಡಿತು. ನಡುವಿನ ಅವಧಿಯಲ್ಲಿ, ಪ್ರವಾಹ ಹರಿಯುತ್ತಲೇ ಇದ್ದರೂ, ಏನೂ ಆಗಲಿಲ್ಲ.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಫ್ಯಾರಡೆ ತಂತಿಯನ್ನು ದಾಖಲಿಸಿದ್ದು ಅಡಿಗಳ ಲೆಕ್ಕದಲ್ಲಿ. ಎಷ್ಟು ಉದ್ದದ ತಂತಿ ಎಂಬುದು ಅವನಿಗೆ ಮುಖ್ಯವಾಗಿತ್ತು. ಎಷ್ಟು ಸುತ್ತು ಎಂಬುದು ಇನ್ನೂ ಪ್ರಶ್ನೆಯಾಗಿರಲಿಲ್ಲ. ಇಂದಿನ ಓದುಗರು ಆ ಉಂಗುರದಲ್ಲಿ ಪರಿವರ್ತಕವನ್ನು ಕಾಣುತ್ತಾರೆ. ಫ್ಯಾರಡೆ ಕಂಡದ್ದು ಕಾಂತತ್ವದಿಂದ ವಿದ್ಯುತ್ತು ಹುಟ್ಟುತ್ತದೆಂಬ ಸತ್ಯವನ್ನು. ಅವನ ಅಂದಿನ ಹುಡುಕಾಟಕ್ಕೆ ಅಷ್ಟೇ ಸಾಕಾಗಿತ್ತು.

ಸುತ್ತುಗಳ ಕಡೆಗೆ ಗಮನ ಹೊರಳಿದ್ದು 1836ರ ಸುಮಾರಿಗೆ. ಐರ್ಲೆಂಡಿನ ಮೇನೂತ್ ಕಾಲೇಜಿನಲ್ಲಿ ಪಾದ್ರಿಯೂ ಅಧ್ಯಾಪಕನೂ ಆಗಿದ್ದ ನಿಕೋಲಸ್ ಕ್ಯಾಲನ್ ದಪ್ಪ ತಂತಿಯ ಗಿಡ್ಡ ಸುರುಳಿಯನ್ನೂ ತೆಳು ತಂತಿಯ ಬಹು ಉದ್ದದ ಸುರುಳಿಯನ್ನೂ ಒಂದೇ ಕಬ್ಬಿಣದ ಮೇಲೆ ಸುತ್ತಿ, ಎರಡನೆಯದರಿಂದ ಭಾರಿ ಆಘಾತವನ್ನು ಪಡೆದನು. ಅದೇ ಹೊತ್ತಿಗೆ ಅಮೆರಿಕದ ಸೇಲಮ್ಮಿನಲ್ಲಿ ಚಾರ್ಲ್ಸ್ ಗ್ರಾಫ್ಟನ್ ಪೇಜ್ ಒಂದೇ ಸುರುಳಿಯ ಬೇರೆ ಬೇರೆ ಬಿಂದುಗಳಿಂದ ತಂತಿ ಎಳೆದು, ಹೆಚ್ಚು ಸುತ್ತುಗಳನ್ನು ಸೇರಿಸಿಕೊಂಡಷ್ಟೂ ಆಘಾತ ಹೆಚ್ಚುವುದನ್ನು ಕಂಡನು. ಆಘಾತವನ್ನು ಅಳೆಯುವ ಉಪಕರಣ ಆಗ ಯಾವುದು? ಪ್ರಯೋಗ ಮಾಡುವವನ ಕೈ, ತೋಳು, ಕೆಲವೊಮ್ಮೆ ಅವನ ವಿದ್ಯಾರ್ಥಿಗಳ ಮೈ. ಮೊಣಕೈವರೆಗೆ ಬಂದ ಆಘಾತ ಭುಜದವರೆಗೆ ಏರಿದರೆ ಅದೇ ಅಳತೆ. ಇಂಥ ಮಾಪಕದಿಂದ ಹೆಚ್ಚು ಕಡಿಮೆಗಳನ್ನು ತಿಳಿಯಬಹುದು, ಅನುಪಾತವನ್ನು ತಿಳಿಯಲಾಗದು.

1851ರಿಂದ ಪ್ಯಾರಿಸ್ಸಿನಲ್ಲಿ ಹೈನ್‌ರಿಕ್ ರೂಮ್‌ಕೋರ್ಫ್ ತಯಾರಿಸಿದ ಪ್ರೇರಣ ಸುರುಳಿಗಳು ಯುರೋಪಿನಾದ್ಯಂತ ಹೆಸರಾದವು. 1864ರಲ್ಲಿ ಅವನಿಗೆ ಮೂರನೆಯ ನೆಪೋಲಿಯನ್ ಸ್ಥಾಪಿಸಿದ ವೋಲ್ಟಾ ಬಹುಮಾನವಾಗಿ 50,000 ಫ್ರಾಂಕ್ ದೊರೆಯಿತು. ಇಲ್ಲಿ ಮೈಯ ಬದಲು ಕಿಡಿಯ ಉದ್ದ ಅಳತೆಗೋಲಾಯಿತು. ಆದರೆ ಈ ಸುರುಳಿಗಳು ಬ್ಯಾಟರಿಯ ನೇರ ವಿದ್ಯುತ್ತನ್ನು ಕಡಿಕಡಿದು ಕೊಡುವ ತತ್ತ್ವದ ಮೇಲೆ ನಿಂತಿದ್ದವು. ಕಾಂತಪ್ರವಾಹ ಎಷ್ಟು ಬೇಗ ಕುಸಿಯುತ್ತದೆ ಎಂಬುದರ ಮೇಲೆ ಕಿಡಿ ಅವಲಂಬಿಸಿರುತ್ತಿತ್ತು. ಆ ವೇಗವಾದರೋ ಸಂಪರ್ಕ ಕಡಿಯುವ ಸಾಧನದ ಚುರುಕನ್ನು ಅವಲಂಬಿಸಿತ್ತು. ಸುತ್ತುಗಳನ್ನು ಎಣಿಸಿದರೂ ಫಲವನ್ನು ಮುಂಗಾಣುವಂತಿರಲಿಲ್ಲ. ಅನುಪಾತ ಅಲ್ಲಿ ಅಡಗಿತ್ತು, ಕೆಲಸಕ್ಕೆ ಬಂದಿರಲಿಲ್ಲ.

2. ನೆರೆಮನೆಯ ದೀಪ: ಗೋಲಾರ್ ಮತ್ತು ಗಿಬ್ಸ್

1880ರ ದಶಕದ ಆರಂಭಕ್ಕೆ ಪ್ರಶ್ನೆಯ ಸ್ವರೂಪವೇ ಬದಲಾಗಿತ್ತು. ಎಡಿಸನ್ನನ ನೇರ ವಿದ್ಯುತ್ ವ್ಯವಸ್ಥೆ 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಬೀದಿಯಲ್ಲಿ ಆರಂಭವಾಗಿ ಮನೆಗಳಿಗೆ ಬೆಳಕು ಕೊಟ್ಟಿತ್ತು. ಆದರೆ ಸುಮಾರು 110 ವೋಲ್ಟಿನ ಆ ವಿದ್ಯುತ್ತು ಒಂದೆರಡು ಕಿಲೋಮೀಟರು ದಾಟುವಷ್ಟರಲ್ಲಿ ಸೊರಗುತ್ತಿತ್ತು. ದೂರಕ್ಕೆ ಒಯ್ಯಲು ವೋಲ್ಟೇಜು ಏರಿಸಬೇಕು, ಮನೆಯೊಳಕ್ಕೆ ತರಲು ಇಳಿಸಬೇಕು.

ಫ್ರಾನ್ಸಿನ ಲೂಸಿಯನ್ ಗೋಲಾರ್ ಮತ್ತು ಇಂಗ್ಲೆಂಡಿನ ಜಾನ್ ಡಿಕ್ಸನ್ ಗಿಬ್ಸ್ 1882ರಲ್ಲಿ ಪೇಟೆಂಟ್ ಪಡೆದು ಇದಕ್ಕೊಂದು ಉತ್ತರ ಕೊಟ್ಟರು. 1883ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನ ನಡೆಯಿತು. 1884ರಲ್ಲಿ ಇಟಲಿಯ ತೂರಿನ್ ನಗರದ ವಸ್ತುಪ್ರದರ್ಶನದಿಂದ ಲಾಂಜೊ ಊರಿನವರೆಗೆ, ಸುಮಾರು 40 ಕಿಲೋಮೀಟರು ದೂರ, ತಂತಿಯೆಳೆದು ದೀಪಗಳನ್ನು ಉರಿಸಿದರು. ಆ ಕಾಲಕ್ಕೆ ಅದು ಅಚ್ಚರಿಯ ಸಾಧನೆ. ಇಟಲಿಯ ಭೌತವಿಜ್ಞಾನಿ ಗೆಲಿಲಿಯೊ ಫೆರಾರಿಸ್ ಆ ಸಾಧನಗಳನ್ನು ವ್ಯವಸ್ಥಿತವಾಗಿ ಪರೀಕ್ಷಿಸಿ, ಅವು ಶಕ್ತಿಯನ್ನು ದಕ್ಷತೆಯಿಂದ ದಾಟಿಸುತ್ತವೆಂದು ತೋರಿಸಿದನು.

ಈ ವ್ಯವಸ್ಥೆಯ ಒಳಗಿನ ತೊಡಕನ್ನು ಬಿಡಿಸಿ ನೋಡಿದರೆ ಅನುಪಾತದ ಅರ್ಥ ಎಷ್ಟು ಸೂಕ್ಷ್ಮವೆಂಬುದು ತಿಳಿಯುತ್ತದೆ. ಗೋಲಾರನ ಸಾಧನಗಳ ಪ್ರಾಥಮಿಕ ಸುರುಳಿಗಳೆಲ್ಲ ಒಂದೇ ತಂತಿಯಲ್ಲಿ, ಮಣಿಗಳನ್ನು ಪೋಣಿಸಿದಂತೆ, ಸರಣಿಯಾಗಿ ಜೋಡಣೆಗೊಂಡಿದ್ದವು. ಪ್ರಾಥಮಿಕ ಮತ್ತು ದ್ವಿತೀಯಕ ಸುರುಳಿಗಳ ಸುತ್ತುಗಳ ಸಂಖ್ಯೆ ಸಮನಾಗಿತ್ತು. ಎಂದರೆ ಅನುಪಾತ ಒಂದಕ್ಕೊಂದು. ಹಾಗಾದರೆ ವೋಲ್ಟೇಜನ್ನು ಇಳಿಸುತ್ತಿದ್ದುದು ಯಾವುದು? ಸರಣಿಯಲ್ಲಿರುವ ಸಾಧನಗಳ ಸಂಖ್ಯೆ. ಇಪ್ಪತ್ತು ಸಾಧನಗಳಿದ್ದರೆ 2,000 ವೋಲ್ಟು ಅವುಗಳ ನಡುವೆ ಹಂಚಿಹೋಗಿ ತಲಾ 100 ವೋಲ್ಟು ಬರಬೇಕೆಂಬುದು ಲೆಕ್ಕ. ಸುತ್ತುಗಳು ಮಾಡಬೇಕಾದ ಕೆಲಸವನ್ನು ಗ್ರಾಹಕರ ಎಣಿಕೆ ಮಾಡುತ್ತಿತ್ತು.

ಇದರ ಫಲ ಪ್ರತಿಯೊಬ್ಬನ ದೀಪವೂ ನೆರೆಯವನ ದೀಪಕ್ಕೆ ಕಟ್ಟುಬಿದ್ದದ್ದು. ಸರಣಿಯಲ್ಲಿ ಎಲ್ಲ ಸುರುಳಿಗಳಲ್ಲೂ ಒಂದೇ ಪ್ರವಾಹ ಹರಿಯುವುದರಿಂದ ಅನುಪಾತವು ನಿರ್ಧರಿಸುವುದು ಹೊರಬರುವ ಪ್ರವಾಹವನ್ನು, ವೋಲ್ಟೇಜನ್ನಲ್ಲ. ಒಂದು ಮನೆಯಲ್ಲಿ ಹತ್ತು ದೀಪಗಳಲ್ಲಿ ಐದನ್ನು ಆರಿಸಿದರೆ, ಹತ್ತು ದೀಪಗಳಿಗೆಂದು ಬರುತ್ತಿದ್ದ ಪ್ರವಾಹ ಉಳಿದ ಐದರ ಮೇಲೆ ಬೀಳುತ್ತದೆ. ಅವುಗಳ ವೋಲ್ಟೇಜು ಏರುತ್ತದೆ, ದೀಪ ಸುಡುತ್ತದೆ. ಅದರ ಏರುಪೇರು ಸರಣಿಯ ಉಳಿದ ಮನೆಗಳಿಗೂ ತಟ್ಟುತ್ತದೆ. ಇದನ್ನು ಸರಿದೂಗಿಸಲು ತಿರುಳನ್ನು ಸುರುಳಿಯಿಂದ ಹೊರಕ್ಕೆಳೆದು ಒಳಕ್ಕೆ ತಳ್ಳುವ ಏರ್ಪಾಡನ್ನು ಗೋಲಾರ್ ಮಾಡಿದ್ದನು. ಹಾಗೆ ಎಳೆಯಲು ಬರಬೇಕಾದರೆ ತಿರುಳು ತುದಿ ತೆರೆದ ಕಂಬಿಯಾಗಿರಬೇಕು. ತೆರೆದ ತಿರುಳಿನಿಂದ ಕಾಂತಪ್ರವಾಹ ಗಾಳಿಗೆ ಸೋರುತ್ತದೆ. ಒಂದು ದೋಷದ ಪರಿಹಾರವೇ ಇನ್ನೊಂದು ದೋಷಕ್ಕೆ ದಾರಿಯಾಯಿತು.

3. ಐದಕ್ಕೆ ಮೂರು: ಬುಡಾಪೆಸ್ಟಿನ ಪರಿಹಾರ

ಬುಡಾಪೆಸ್ಟಿನ ಗಾಂಜ್ ಕಾರ್ಖಾನೆಯ ಮೂವರು ಎಂಜಿನಿಯರರು, ಕಾರೊಯ್ ಜಿಪರ್ನೋವ್ಸ್ಕಿ, ಒಟ್ಟೊ ಬ್ಲಾಥಿ ಮತ್ತು ಮಿಕ್ಷಾ ದೇರಿ, ಈ ಗಂಟನ್ನು ಎರಡು ಕಡೆಯಿಂದ ಬಿಡಿಸಿದರು. ಮೊದಲನೆಯದಾಗಿ, ತಿರುಳನ್ನು ಮುಚ್ಚಿದ ಉಂಗುರವನ್ನಾಗಿ ಮಾಡಿದರು. ಕಾಂತಪ್ರವಾಹ ಪೂರ್ತಿಯಾಗಿ ಕಬ್ಬಿಣದೊಳಗೇ ಸುತ್ತುವಂತಾಯಿತು. ಎರಡನೆಯದಾಗಿ, ಪ್ರಾಥಮಿಕ ಸುರುಳಿಗಳನ್ನು ಸರಣಿಯಿಂದ ಬಿಡಿಸಿ, ಪ್ರತಿಯೊಂದನ್ನೂ ಮುಖ್ಯ ತಂತಿಗಳ ನಡುವೆ ಸಮಾಂತರವಾಗಿ ಜೋಡಿಸಿದರು.

ಮುಚ್ಚಿದ ತಿರುಳಿನಲ್ಲಿ ಪ್ರತಿ ಸುತ್ತನ್ನೂ, ಅದು ಯಾವ ಸುರುಳಿಗೆ ಸೇರಿದ್ದರೂ, ಹೆಚ್ಚುಕಡಿಮೆ ಒಂದೇ ಕಾಂತಪ್ರವಾಹ ಹಾದುಹೋಗುತ್ತದೆ. ಆದ್ದರಿಂದ ಪ್ರತಿ ಸುತ್ತಿನಲ್ಲೂ ಹುಟ್ಟುವ ವೋಲ್ಟೇಜು ಒಂದೇ. ಒಂದು ಸುತ್ತಿಗೆ ಎರಡು ವೋಲ್ಟು ಎಂದಾದರೆ ಅರವತ್ತು ಸುತ್ತಿಗೆ 120 ವೋಲ್ಟು, ಮೂವತ್ತಾರು ಸುತ್ತಿಗೆ 72 ವೋಲ್ಟು. ಅನುಪಾತದ ನಿಯಮವೆಂದು ಕಲಿಸಲಾಗುವ ಸೂತ್ರದ ಹಿಂದಿರುವ ತತ್ತ್ವ ಇದೇ: ಸುತ್ತಿಗಿಷ್ಟು ವೋಲ್ಟು ಎಂಬುದು ಎರಡೂ ಬದಿಗೆ ಸಮಾನವಾದ ನಾಣ್ಯ, ಅನುಪಾತವೆಂದರೆ ಆ ನಾಣ್ಯದಲ್ಲಿ ಮಾಡಿದ ಎಣಿಕೆ. ಸಮಾಂತರ ಜೋಡಣೆಯಲ್ಲಿ ಮುಖ್ಯ ತಂತಿಯ ವೋಲ್ಟೇಜು ಸ್ಥಿರವಾಗಿರುವುದರಿಂದ ಮನೆಯ ವೋಲ್ಟೇಜೂ ಸ್ಥಿರವಾಗಿರುತ್ತದೆ. ಒಬ್ಬನು ದೀಪ ಆರಿಸಿದರೆ ಅವನ ಪರಿವರ್ತಕ ಅಷ್ಟು ಕಡಿಮೆ ಪ್ರವಾಹವನ್ನು ಎಳೆದುಕೊಳ್ಳುತ್ತದೆ, ಅಷ್ಟೆ. ನೆರೆಮನೆಯ ದೀಪಕ್ಕೆ ಅದರ ಅರಿವೇ ಆಗುವುದಿಲ್ಲ.

1884ರ ಸೆಪ್ಟೆಂಬರಿನಲ್ಲಿ ಗಾಂಜ್ ಕಾರ್ಖಾನೆಯಲ್ಲಿ ಸಿದ್ಧವಾದ ಮೊದಲ ಪರಿವರ್ತಕದ ಅಂಕಿಗಳು ಈ ಮಾತಿಗೆ ಸಾಕ್ಷಿ. ಸಾಮರ್ಥ್ಯ 1,400 ವ್ಯಾಟ್, ಆವೃತ್ತಿ ಸೆಕೆಂಡಿಗೆ 40, ವೋಲ್ಟೇಜು 120ರಿಂದ 72ಕ್ಕೆ, ಪ್ರವಾಹ 11.6 ಆಂಪಿಯರಿನಿಂದ 19.4ಕ್ಕೆ. ವೋಲ್ಟೇಜುಗಳ ಅನುಪಾತ ಐದಕ್ಕೆ ಮೂರು; ಪ್ರವಾಹಗಳ ಅನುಪಾತ ಮೂರಕ್ಕೆ ಐದು. ಎರಡೂ ಬದಿಯಲ್ಲಿ ಗುಣಲಬ್ಧ ಒಂದೇ, ಸುಮಾರು 1,400. ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಕೂಡಿದೆ. ಹೊಸದಾಗಿ ಏನೂ ಹುಟ್ಟಿಲ್ಲ. 1885ರಲ್ಲಿ ಬುಡಾಪೆಸ್ಟಿನ ರಾಷ್ಟ್ರೀಯ ಪ್ರದರ್ಶನದಲ್ಲಿ ಇಂಥ ಪರಿವರ್ತಕಗಳಿಂದ ಸಾವಿರಕ್ಕೂ ಹೆಚ್ಚು ದೀಪಗಳು ಬೆಳಗಿದವು. 1886ರ ಮಾರ್ಚಿನಲ್ಲಿ ಅಮೆರಿಕದ ಗ್ರೇಟ್ ಬ್ಯಾರಿಂಗ್ಟನ್ನಿನಲ್ಲಿ ವಿಲಿಯಂ ಸ್ಟ್ಯಾನ್ಲಿ, ಜಾರ್ಜ್ ವೆಸ್ಟಿಂಗ್‌ಹೌಸನ ಬೆಂಬಲದಿಂದ, 500 ವೋಲ್ಟನ್ನು 100ಕ್ಕೆ ಇಳಿಸಿ ಊರಿನ ಮುಖ್ಯ ಬೀದಿಗೆ ಬೆಳಕು ಕೊಟ್ಟನು. ಅಲ್ಲಿಯೂ ಜೋಡಣೆ ಸಮಾಂತರ.

ಹೆಸರಿನ ಬದಲಾವಣೆಯೂ ಇಲ್ಲಿ ಅರ್ಥಪೂರ್ಣ. ಗೋಲಾರ್ ತನ್ನ ಸಾಧನವನ್ನು ಸೆಕೆಂಡರಿ ಜನರೇಟರ್, ಎಂದರೆ ಎರಡನೆಯ ಉತ್ಪಾದಕ, ಎಂದು ಕರೆದಿದ್ದನು. ಶಕ್ತಿ ಅಲ್ಲಿ ಮತ್ತೊಮ್ಮೆ ಹುಟ್ಟುತ್ತದೆಂಬ ಭಾವ ಆ ಹೆಸರಿನಲ್ಲಿದೆ. ಟ್ರಾನ್ಸ್‌ಫಾರ್ಮರ್ ಎಂಬ ಹೆಸರನ್ನು ರೂಢಿಗೆ ತಂದವರು ಬುಡಾಪೆಸ್ಟಿನವರು. ರೂಪ ಬದಲಾಗುತ್ತದೆ, ಮೊತ್ತ ಬದಲಾಗುವುದಿಲ್ಲ ಎಂಬ ತಿಳಿವು ಆ ಪದದೊಳಗಿದೆ. ಕನ್ನಡದ ಪರಿವರ್ತಕ ಎಂಬ ಪದವೂ ಆ ತಿಳಿವನ್ನೇ ಉಳಿಸಿಕೊಂಡಿದೆ.

ಗೋಲಾರನ ಪಾಲಿಗೆ ಈ ಚರಿತ್ರೆ ಕರುಣೆಯಿಲ್ಲದ್ದು. ಇಂಗ್ಲೆಂಡಿನಲ್ಲಿ ಸೆಬಾಸ್ಟಿಯನ್ ಫೆರಾಂಟಿಯೊಡನೆ ನಡೆದ ವ್ಯಾಜ್ಯದಲ್ಲಿ ಗೋಲಾರ್ ಮತ್ತು ಗಿಬ್ಸ್ ಅವರ ಪೇಟೆಂಟ್ ಬಿದ್ದುಹೋಯಿತು. 1888ರ ನವೆಂಬರಿನಲ್ಲಿ ಗೋಲಾರ್ ಪ್ಯಾರಿಸ್ಸಿನ ಸೇಂತ್ ಆನ್ ಮಾನಸಿಕ ಚಿಕಿತ್ಸಾಲಯದಲ್ಲಿ ತೀರಿಕೊಂಡನು. ಪರ್ಯಾಯ ವಿದ್ಯುತ್ತನ್ನು ಸುರುಳಿಗಳ ಮೂಲಕ ದೂರಕ್ಕೆ ಹಂಚಬಹುದೆಂದು ಲೋಕಕ್ಕೆ ಕಣ್ಣಾರೆ ತೋರಿಸಿದವರಲ್ಲಿ ಅವನೇ ಮೊದಲಿಗ. ಬುಡಾಪೆಸ್ಟಿನ ಬ್ಲಾಥಿಯೂ ತೂರಿನ್ನಿನ ಆ ಪ್ರದರ್ಶನವನ್ನು ಕಂಡವನೇ.

4. ವರ್ಗದ ಲೆಕ್ಕ

ಮನೆಯ ಬದಿಯ ಸಮಸ್ಯೆ ಹೀಗೆ ಪರಿಹಾರವಾದ ಮೇಲೆ ಅನುಪಾತದ ಇನ್ನೊಂದು ಮುಖ, ಎಂದರೆ ಏರಿಸುವ ಮುಖ, ಮುನ್ನೆಲೆಗೆ ಬಂದಿತು. ತಂತಿಯಲ್ಲಿ ಬಿಸಿಯಾಗಿ ವ್ಯರ್ಥವಾಗುವ ಶಕ್ತಿ ಪ್ರವಾಹದ ವರ್ಗವನ್ನು ಅನುಸರಿಸುತ್ತದೆ. ವೋಲ್ಟೇಜನ್ನು ಹತ್ತು ಪಟ್ಟು ಏರಿಸಿದರೆ ಅಷ್ಟೇ ಶಕ್ತಿಗೆ ಬೇಕಾದ ಪ್ರವಾಹ ಹತ್ತನೆಯ ಒಂದು ಪಾಲು. ಅದೇ ತಂತಿಯಲ್ಲಿ ನಷ್ಟ ನೂರನೆಯ ಒಂದು ಪಾಲು. ಅನುಪಾತ ಎಷ್ಟೋ, ಉಳಿತಾಯ ಅದರ ವರ್ಗದಷ್ಟು.

1891ರಲ್ಲಿ ಜರ್ಮನಿಯ ನೆಕರ್ ನದಿಯ ದಂಡೆಯ ಲೌಫೆನ್ನಿನಿಂದ ಫ್ರಾಂಕ್‌ಫರ್ಟಿನ ವಿದ್ಯುತ್ ಪ್ರದರ್ಶನಕ್ಕೆ 175 ಕಿಲೋಮೀಟರು ದೂರ ಮೂರು ಹಂತದ ವಿದ್ಯುತ್ತನ್ನು ಸಾಗಿಸಲಾಯಿತು. ಉತ್ಪಾದಕದ ವೋಲ್ಟೇಜು ನೂರಕ್ಕಿಂತ ಕಡಿಮೆ. ತಂತಿಯಲ್ಲಿ 15,000 ವೋಲ್ಟು. ಹೊರಟ ಶಕ್ತಿಯ ಸುಮಾರು ಮುಕ್ಕಾಲು ಪಾಲು ಗುರಿ ಮುಟ್ಟಿತು. ಜಲಪಾತ ಒಂದು ಕಡೆ, ಉದ್ಯಮ ಇನ್ನೊಂದು ಕಡೆ ಇರಬಹುದೆಂಬುದು ಆ ಬೇಸಿಗೆಯಲ್ಲಿ ಖಚಿತವಾಯಿತು. ಹನ್ನೊಂದು ವರ್ಷಗಳ ತರುವಾಯ ಮೈಸೂರು ಸಂಸ್ಥಾನ ಅದೇ ತತ್ತ್ವವನ್ನು ಕಾವೇರಿಯಲ್ಲಿ ಆಚರಣೆಗೆ ತಂದಿತು.

5. ಗಡಿಯ ನದಿ, ಗಣಿಯ ತಂತಿ

ಶಿವನಸಮುದ್ರವನ್ನು ಇಂದು ಕರ್ನಾಟಕದ ಒಳನಾಡೆಂದು ಭಾವಿಸುವುದು ವಾಡಿಕೆ. 1902ರಲ್ಲಿ ಅದು ಗಡಿಸೀಮೆ. ಕಾವೇರಿಯ ಆ ಭಾಗದಲ್ಲಿ ನದಿಯೇ ಮೈಸೂರು ಸಂಸ್ಥಾನಕ್ಕೂ ಬ್ರಿಟಿಷ್ ಆಳ್ವಿಕೆಯ ಮದರಾಸು ಪ್ರಾಂತಕ್ಕೂ ಎಲ್ಲೆಯಾಗಿತ್ತು. ಶಿವನಸಮುದ್ರದ ದ್ವೀಪ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿತ್ತು; ವಿದ್ಯುದಾಗಾರ ನಿಂತದ್ದು ಮೈಸೂರಿನ ದಂಡೆಯಲ್ಲಿ. ಕೊಳ್ಳೇಗಾಲ 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮೈಸೂರಿಗೆ ಬಂದಿತು. ಅದರ ನೆರೆಯ ತಾಳವಾಡಿಯ ಕನ್ನಡ ಸೀಮೆ ತಮಿಳುನಾಡಿನಲ್ಲೇ ಉಳಿಯಿತು.

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಬೆಂಬಲದಿಂದ, ಎಂಜಿನಿಯರ್ ಎ. ಜೋಲಿ ದ ಲೋಬಿನಿಯೇರ್ ಅವರ ನೇತೃತ್ವದಲ್ಲಿ ಕಾವೇರಿ ವಿದ್ಯುತ್ ಯೋಜನೆ ರೂಪುಗೊಂಡಿತು. ಜಲಯಂತ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯವು, ವಿದ್ಯುತ್ ಉಪಕರಣಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. 1901ರಲ್ಲಿ ತೀರಿಕೊಂಡ ಶೇಷಾದ್ರಿ ಅಯ್ಯರ್ ಅದರ ಪೂರ್ಣತೆಯನ್ನು ಕಾಣಲಿಲ್ಲ. 1902ರ ಜೂನ್ ಅಂತ್ಯಕ್ಕೆ ವಿದ್ಯುತ್ತು 92 ಮೈಲಿ, ಎಂದರೆ ಸುಮಾರು 147 ಕಿಲೋಮೀಟರು, ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಆ ಕಾಲದ ಜಗತ್ತಿನ ಅತಿ ಉದ್ದದ ಸಾಗಣೆ ಮಾರ್ಗಗಳಲ್ಲಿ ಅದೂ ಒಂದು.

ಉತ್ಪಾದಕಗಳ ವೋಲ್ಟೇಜು ಎರಡು ಸಾವಿರಕ್ಕೆ ತುಸು ಮೇಲೆ. ತಂತಿಯ ವೋಲ್ಟೇಜು ಮೂವತ್ತು ಸಾವಿರದ ಮಟ್ಟದ್ದು. ಲೆಕ್ಕದ ಅನುಕೂಲಕ್ಕೆ ಅನುಪಾತವನ್ನು ಹದಿನೈದು ಎಂದಿಟ್ಟುಕೊಂಡರೆ, ಅದೇ ತಂತಿಯಲ್ಲಿ ನಷ್ಟ ಇನ್ನೂರಿಪ್ಪತ್ತೈದನೆಯ ಒಂದು ಪಾಲಿಗೆ ಇಳಿಯುತ್ತದೆ. ಏರಿಸದೆ ಕಳುಹಿಸಿದ್ದರೆ ಗಣಿಯ ಯಂತ್ರಗಳಿಗೆ ತಲುಪಬೇಕಾದ ಶಕ್ತಿ ದಾರಿಯುದ್ದಕ್ಕೂ ತಾಮ್ರವನ್ನು ಕಾಯಿಸುವುದರಲ್ಲೇ ಮುಗಿದುಹೋಗುತ್ತಿತ್ತು. ಕಾವೇರಿಯನ್ನೂ ಕೋಲಾರವನ್ನೂ ಜೋಡಿಸಿದ್ದು ಆ ಅನುಪಾತ.

ಅದೇ ಅನುಪಾತ ನಡುವಿನ ಊರುಗಳನ್ನು ದಾಟಿಯೂ ಹೋಯಿತು. ಮೂವತ್ತು ಸಾವಿರ ವೋಲ್ಟಿನ ತಂತಿಯಿಂದ ಹಳ್ಳಿಯೊಂದಕ್ಕೆ ನಾಲ್ಕು ದೀಪ ಹಚ್ಚಬೇಕಾದರೆ, ಅಷ್ಟು ವೋಲ್ಟೇಜನ್ನು ತಾಳಬಲ್ಲ ನಿರೋಧಕ ಹೊದಿಕೆಯ ಪರಿವರ್ತಕ, ಸ್ವಿಚ್ಚುಗಳು, ರಕ್ಷಣಾ ಸಾಧನಗಳು ಬೇಕು. ಅವುಗಳ ಬೆಲೆ ಇಳಿಸುವ ವೋಲ್ಟೇಜನ್ನು ನೋಡುತ್ತದೆಯೇ ಹೊರತು ಉರಿಯುವ ದೀಪಗಳ ಎಣಿಕೆಯನ್ನಲ್ಲ. ತಂತಿ ದೂರಕ್ಕೆ ಹೋಗಲು ಯೋಗ್ಯವಾದಷ್ಟೂ ಹತ್ತಿರದವರಿಗೆ ದುಬಾರಿಯಾಗುತ್ತದೆ. ಮೊದಲು ಗಣಿ, 1905ರಲ್ಲಿ ಬೆಂಗಳೂರು, 1908ರಲ್ಲಿ ಮೈಸೂರು ನಗರ ಎಂಬ ಕ್ರಮ ಈ ಲೆಕ್ಕಕ್ಕೆ ಅನುಗುಣವಾಗಿಯೇ ಇತ್ತು. ತಂತಿಯ ಕೆಳಗಿನ ಹಳ್ಳಿಗಳ ಸರದಿ ದಶಕಗಳ ತರುವಾಯ ಬಂದಿತು.

ಕನ್ನಡ ನಾಡಿನ ಇನ್ನೊಂದು ಅಂಚಿನಲ್ಲಿಯೂ ಇದೇ ವಿನ್ಯಾಸ ಕಾಣುತ್ತದೆ. ನೀಲಗಿರಿಯ ಪೈಕಾರ ಯೋಜನೆ 1932ರಲ್ಲಿ ಕಾರ್ಯಾರಂಭ ಮಾಡಿದಾಗ 11,000 ವೋಲ್ಟಿನಲ್ಲಿ ಉತ್ಪಾದನೆಯಾದ ವಿದ್ಯುತ್ತನ್ನು 66,000ಕ್ಕೆ ಏರಿಸಿ, ಎಂದರೆ ಆರು ಪಟ್ಟು ಮಾಡಿ, ಕೊಯಮತ್ತೂರಿನ ಬಯಲಿಗೆ ಇಳಿಸಲಾಯಿತು. ಅಲ್ಲಿನ ಬಟ್ಟೆ ಗಿರಣಿಗಳ ಬೆಳವಣಿಗೆಗೆ ಪೈಕಾರದ ವಿದ್ಯುತ್ತು ಬಲ ನೀಡಿತೆಂಬುದು ಪ್ರಸಿದ್ಧ. ನೀರು ಬಡಗರು, ತೊದವರು, ಕೋತರು ಬಾಳಿದ ಬೆಟ್ಟದ್ದು. ಅನುಪಾತ ಬಯಲಿನ ಬೇಡಿಕೆಯನ್ನು ಅನುಸರಿಸಿದ್ದು.

6. ಕೊನೆಯ ಅನುಪಾತ

ಹಳ್ಳಿಗೆ ಬೆಳಕು ಬರಬೇಕಾದರೆ ಸರಪಳಿಯ ಕೊನೆಯಲ್ಲಿ ಇನ್ನೊಂದು ಅನುಪಾತ ಬೇಕಿತ್ತು. ಇಂದು ಊರಂಚಿನ ಕಂಬಗಳ ಮೇಲೆ ಕಾಣುವ, ಕರ್ನಾಟಕದ ರೈತರು ಟಿ.ಸಿ. ಎಂದು ಕರೆಯುವ ಪರಿವರ್ತಕದ ಫಲಕದಲ್ಲಿ 11,000 ಮತ್ತು 433 ಎಂಬ ಅಂಕಿಗಳಿರುತ್ತವೆ. ಅವೆರಡನ್ನು ಭಾಗಿಸಿದರೆ ಸುಮಾರು ಇಪ್ಪತ್ತೈದೂವರೆ ಬರುತ್ತದೆ. ಒಳಗೆ ಸುತ್ತಿರುವ ತಂತಿಯ ಅನುಪಾತ ಅದಲ್ಲ. ಮೇಲಿನ ಬದಿಯ ಸುರುಳಿಗಳು ತ್ರಿಕೋನಾಕಾರದಲ್ಲಿ ಜೋಡಣೆಗೊಂಡಿರುವುದರಿಂದ ಪ್ರತಿ ಸುರುಳಿಗೂ ಪೂರ್ತಿ 11,000 ವೋಲ್ಟು ಬೀಳುತ್ತದೆ; ಕೆಳಬದಿಯವು ನಕ್ಷತ್ರಾಕಾರದಲ್ಲಿರುವುದರಿಂದ ಪ್ರತಿ ಸುರುಳಿಯಲ್ಲಿ 433ರ ಬದಲು 250 ವೋಲ್ಟು ಇರುತ್ತದೆ. ಆದ್ದರಿಂದ ಸುತ್ತುಗಳ ನಿಜವಾದ ಅನುಪಾತ ನಲವತ್ತನಾಲ್ಕಕ್ಕೆ ಒಂದು. ಕೆಳಬದಿಯಲ್ಲಿ ಐವತ್ತು ಸುತ್ತುಗಳಿದ್ದರೆ ಮೇಲಿನ ಬದಿಯಲ್ಲಿ 2,200 ಸುತ್ತುಗಳಿರಬೇಕು. ಗೋಲಾರನ ಕಾಲದಲ್ಲಿ ಮುನ್ನೆಲೆಗೆ ಬಂದ ಪಾಠ ಇಲ್ಲಿಯೂ ನಿಲ್ಲುತ್ತದೆ: ಜೋಡಣೆಯನ್ನು ತಿಳಿಯದೆ ಅನುಪಾತವನ್ನು ಓದಲಾಗದು.

ಅರ್ಧ ಸುತ್ತನ್ನು ಸುತ್ತಲು ಸಾಮಾನ್ಯವಾಗಿ ಬರುವುದಿಲ್ಲವಾದ್ದರಿಂದ ಅನುಪಾತ ಯಾವಾಗಲೂ ಪೂರ್ಣಸಂಖ್ಯೆಗಳ ನಡುವಿನದು. ಮಾನಕಗಳು ಅದಕ್ಕೆ ಶೇಕಡಾ ಅರ್ಧದಷ್ಟು ಹೆಚ್ಚುಕಡಿಮೆಯನ್ನು ಮಾತ್ರ ಒಪ್ಪುತ್ತವೆ. ಸುಟ್ಟ ಪರಿವರ್ತಕವನ್ನು ಮರುಸುತ್ತಿದ ಮೇಲೆ ಮೊದಲು ಪರೀಕ್ಷಿಸುವ ಸಂಗತಿಗಳಲ್ಲಿ ಇದೂ ಒಂದು. ಎರಡು ಸುತ್ತುಗಳು ಒಳಗೊಳಗೇ ಕೂಡಿಕೊಂಡಿದ್ದರೂ ಅನುಪಾತ ಅದನ್ನು ಹೇಳಿಬಿಡುತ್ತದೆ. ಕ್ಯಾಲನ್ನನ ಕಾಲದಲ್ಲಿ ಮೈಯ ನಡುಕದಿಂದ ಊಹಿಸುತ್ತಿದ್ದುದು ಇಂದು ದಶಾಂಶದ ನಿಖರತೆಗೆ ಬಂದಿದೆ.

ಪರಿವರ್ತಕ ಶಕ್ತಿಯನ್ನು ಹೆಚ್ಚಿಸುವುದಿಲ್ಲ, ಕುಗ್ಗಿಸುವುದೂ ಇಲ್ಲ. ಅತ್ಯಲ್ಪ ನಷ್ಟವನ್ನು ಬಿಟ್ಟರೆ ಬಂದದ್ದನ್ನು ಬಂದಷ್ಟೇ ದಾಟಿಸುತ್ತದೆ. ಆ ದಾಟುವಿಕೆಯ ನಿಯಮ ಬುಡಾಪೆಸ್ಟಿನಲ್ಲಿಯೂ ಶಿವನಸಮುದ್ರದಲ್ಲಿಯೂ ತಾಳವಾಡಿಯ ಕಂಬದ ಮೇಲೂ ಒಂದೇ. ಏರಿಸಿದ್ದನ್ನು ಎಲ್ಲಿ ಇಳಿಸಬೇಕು ಎಂಬುದನ್ನು ಮಾತ್ರ ನಿಯಮ ಹೇಳುವುದಿಲ್ಲ. ಪರಿವರ್ತಕದ ಚರಿತ್ರೆಯನ್ನು ಯಂತ್ರಶಾಸ್ತ್ರದ ಅಧ್ಯಾಯವಾಗಿ ಬರೆದವರು ಹಲವರಿದ್ದಾರೆ. ತಂತಿ ಇಳಿದ ಊರುಗಳ, ಇಳಿಯದೆ ದಾಟಿದ ಊರುಗಳ ಪಟ್ಟಿಯೊಡನೆ ಅದನ್ನು ಓದಿದಾಗ ಗಡಿನಾಡಿನ ಆರ್ಥಿಕ ಚರಿತ್ರೆಗೂ ಅದು ಆಧಾರಸಾಮಗ್ರಿಯಾಗುತ್ತದೆ.